ಎರಡು ಕಡೆಯ ತೆರ

ಬೆಳಗಿನ ಮೂರಕ್ಕೆ ದೀಪದ ಕೋಣೆಯ ಕಿಟಕಿ ತೆರೆಯುತ್ತೇನೆ.
ಆಚೆ ಸಾಲು, ಕೆಮ್ಮು, ಅಗ್ಗದ ಸಿಗರೇಟಿನ ಘಾಟು.
ಹಿತ್ತಾಳೆ ಬಿಲ್ಲೆ ಕಟ್ಟೆಯ ಮೇಲೆ ಟಣ್ಣೆನ್ನುತ್ತದೆ,
ಎತ್ತಿ ಮೊಳೆಗೆ ಸಿಕ್ಕಿಸಿ ದೀಪ ಕೊಡುತ್ತೇನೆ.
ಕಿಟಕಿ ಗಿಡ್ಡ. ಹನ್ನೊಂದು ವರ್ಷದಿಂದ
ನನಗೆ ಗುರುತಿರುವುದು ಕೈಗಳು ಮಾತ್ರ.

ಕೆಂಪಂಗಿ ಹಸಿರಂಗಿ ಎಲ್ಲ ಮೇಲಿನ ಮಾತು,
ಈ ರಸ್ಟೆನ್‌ಬರ್ಗಿನ ಬಿಸಿಲಿನದು.
ಪಂಜರ ಇಳಿಯುವಾಗ ಎಲ್ಲರಿಗೂ ಒಂದೇ ದೊಗಲೆ ಬಟ್ಟೆ,
ಹತ್ತು ನಿಮಿಷಕ್ಕೆ ಒಂದೇ ಬೂದಿ.

ನಾನೂರ ಹದಿನೇಳು, ಫಕಾಮಿಲೆಯ ಕೈ.
ಇಪ್ಪತ್ತು ವರ್ಷ ಬಂಡೆಗೆ ಡ್ರಿಲ್ಲು ಒತ್ತಿ ಒತ್ತಿ
ಸುಮ್ಮನೆ ನಿಂತಾಗಲೂ ನಡುಗುವ ಕೈ.
ಚಹಾ ಕೊಟ್ಟರೆ
ಲೋಟದೊಳಗೆ ಅವನ ಊರಿನ ಕಡಲು.

ಹಳೆಯ ಸಂಘ ಅವನ ಮಗಳ ಶಾಲೆಗೆ ಸಾಲ ಕೊಡಿಸಿತ್ತು.
ಆಮೇಲೆ ಅದರ ಮುಖಂಡರು ಗಣಿ ಕಂಪನಿಯ ಕಾರಲ್ಲಿ ಬರತೊಡಗಿದರು,
ಗಾಜು ಇಳಿಸದೆ ಕೈ ಬೀಸತೊಡಗಿದರು.
ಹೊಸ ಸಂಘ ಸಂಬಳ ದುಪ್ಪಟ್ಟು ಎಂದಿತು, ಗಂಟುದೊಣ್ಣೆ ಎತ್ತಿ ಕುಣಿಯಿತು.
ಹೊಸದರ ಅರ್ಜಿಗೆ ಅವನು ಸಹಿ ಹಾಕಿದ್ದು
ಇದೇ ಕಟ್ಟೆಯ ಮೇಲೆ, ನನ್ನ ಪೆನ್ನಿನಲ್ಲಿ.
ಹಳೆಯದನ್ನು ಬಿಡಲಿಲ್ಲ.
ಸಾಲ ತೀರಿಲ್ಲವಲ್ಲ ಮ್ಮಾ, ಎಂದ.

ತಿಂಗಳ ಕೊನೆಗೆ ಸಂಬಳದ ಚೀಟಿ ಹಿಡಿದು ಬಂದ,
ಓದಿ ಹೇಳು, ಅಕ್ಷರ ಸಣ್ಣವು.
ಓದಿದೆ: ಈ ಸಂಘಕ್ಕೆ ಕಡಿತ. ಅದರ ಕೆಳಗೇ ಆ ಸಂಘಕ್ಕೆ ಕಡಿತ.
ನನ್ನ ಬಾಯಿಗೆ ಆವತ್ತು ಏನು ಬಂದಿತ್ತೋ,
"ತೆರ ಎರಡು ಕಡೆ ಕಟ್ಟುತ್ತೀಯಲ್ಲೋ ಮದುಮಗನೇ,
ರಾತ್ರಿ ಯಾವ ಮನೆಯಲ್ಲಿ ಮಲಗುತ್ತೀ?"
ಸಾಲಿಗೆ ಸಾಲೇ ನಕ್ಕಿತು. ಅವನೂ ನಕ್ಕ,
ಚೀಟಿ ಮಡಿಸಲಾರದೆ ಆ ಕೈಯಲ್ಲಿ ಒದ್ದಾಡಿದ.
ಹಿಂದೆ ಯಾವುದೋ ಒಂದು ಕೈ
ಬಿಲ್ಲೆ ಇಡಲು ತುಸು ತಡಮಾಡಿತು.
ಬೆರಳು ನೋಡಿದೆ. ನಂಬರು ನೋಡಲಿಲ್ಲ.

ಬುಧವಾರ ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಸಿಕ್ಕ.
ಬುತ್ತಿಯಲ್ಲಿ ಮೆಕ್ಕೆಜೋಳದ ಮುದ್ದೆ ಹಾಗೇ ಇತ್ತು,
ಒಂದು ತುತ್ತೂ ಮುರಿದಿರಲಿಲ್ಲ.
ಹಸಿರಿನವರು ಕೊಂದರು, ಎಂದಿತು ಕೆಂಪು.
ಕೆಂಪಿನವರು, ಎಂದಿತು ಹಸಿರು.
ಕೊಲ್ಲುವ ತನಕ ಯಾರಿಗೂ ಬೇಡವಾಗಿದ್ದವನು
ಸತ್ತ ಮೇಲೆ ಇಬ್ಬರಿಗೂ ಸ್ವಂತದವನಾದ.

ಲುಸಿಕಿಸಿಕಿಯಿಂದ ಒಂದು ರಾತ್ರಿ ಒಂದು ಹಗಲು ಬಸ್ಸಿನಲ್ಲಿ ಕೂತು
ನೊಲುಸಾಫೊ ಬಂದಳು.
ಪೆಟ್ಟಿಗೆಯ ಮೇಲೆ ಯಾವ ಬಣ್ಣ ಹೊದಿಸೋಣ ತಾಯಿ, ಎಂದು
ಇಬ್ಬರೂ ಬಾವುಟ ಹಿಡಿದು ನಿಂತರು.
ತನ್ನ ಹೆಗಲಿನ ಕಂಬಳಿ ತೆಗೆದು ಹೊದಿಸಿದಳು.
"ಬಸ್ಸಿನ ಖರ್ಚು ಯಾರು ಕೊಡುತ್ತೀರಿ?" ಎಂದಳು.
ಒಬ್ಬರ ಮುಖ ಒಬ್ಬರು ನೋಡಿದರು.

ನಾನೂ ಇದ್ದೆ ಅಲ್ಲಿ. ಜಾಕೆಟ್ಟಿನ ಜೇಬಲ್ಲಿ ಪೆನ್ನೂ ಇತ್ತು.
ಹೇಳಬೇಕೆಂದು ಎರಡು ಸಲ ಅವಳ ಹತ್ತಿರ ಹೋದೆ.
ಎರಡು ಸಲವೂ
ನೀರು ಬೇಕಾ, ಎಂದು ಕೇಳಿ ಬಂದೆ.

ದೀಪ ಮಾತ್ರ ದಿನವೂ ಚಾರ್ಜಾಗುತ್ತಿತ್ತು.
ಯಾರೂ ಒಯ್ಯದ ದೀಪಕ್ಕೂ
ಹಸಿರು ಚುಕ್ಕಿ ಹೊತ್ತುತ್ತದೆ, ತುಂಬಿದೆ ಎಂದು;
ತುಂಬುವ ತನಕ ಕೆಂಪು.
ಇದನ್ನೂ ಆ ಎರಡು ಬಣ್ಣದಲ್ಲೇ ಮಾಡಬೇಕಿತ್ತೇ.

ಮೂವತ್ತು ದಿನ ಮುಟ್ಟದ ನಂಬರು ಇನ್ನೊಬ್ಬನಿಗೆ, ಅದು ನಿಯಮ.
ಇವತ್ತು ಲೆಸೊಥೊದ ಹುಡುಗನೊಬ್ಬ ಬಂದ,
ಅಲುಗದ ಕೈ, ಉಗುರಿನಲ್ಲಿ ಇನ್ನೂ ಹೊಲದ ಮಣ್ಣು.
ನಾನೂರ ಹದಿನೇಳು ಕೊಟ್ಟೆ.
ಕಿಟಕಿಗೆ ಬಗ್ಗಿ ಪಿಸುಗುಟ್ಟಿದ,
ಮ್ಮಾ, ನಾನು ಯಾವ ಸಂಘ ಸೇರಲಿ?

ಅವನ ಹಿಂದೆ ಬಿಲ್ಲೆ ಹಿಡಿದ ಕೈಗಳು,
ಒಂದೂ ಅಲ್ಲಾಡದೆ ಕಾಯುತ್ತಿದ್ದವು.

ಮುಂದಿನವರು, ಎಂದೆ.