ಷರಾ

ಸರ್ವೆ ನಂಬರ್ ತೊಂಬತ್ತೊಂದು. ನಾಲ್ಕು ಎಕರೆ ಹನ್ನೊಂದು ಗುಂಟೆ.
ವರ್ಗ: ಖರಾಬು.
ಬೆಳೆ: ಇಲ್ಲ. ಕಂದಾಯ: ಇಲ್ಲ.
ಹೊಸ ಬಸ್ ನಿಲ್ದಾಣಕ್ಕೆ ಯೋಗ್ಯವೇ?
ಹೌದು ಎಂದು ಯಾರೋ ಆಗಲೇ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.

ಕೊನೆಯ ಕಾಲಂ ಷರಾ. ಎರಡು ಬೆರಳಗಲ.
ಅದನ್ನು ತುಂಬಿಸಿಕೊಂಡು ಬಾ ಎಂದು
ಚಿಂತಾಮಣಿಯಿಂದ ನನ್ನನ್ನು ಅಟ್ಟಿದ್ದಾರೆ,
ಒಂದು ನಕ್ಷೆ, ಒಂದು ಟೇಪು, ಒಂದು ಬಾಟಲಿ ನೀರು ಕೊಟ್ಟು.

ಹೊಂಗೆ ಮರಗಳನ್ನು ಎಣಿಸಿದೆ. ನೂರ ಮೂವತ್ತೇಳು.
ಎಣಿಸುತ್ತ ಎಣಿಸುತ್ತ ಕತ್ತಿನ ಬೆವರು ಆರಿತು.
ಆರಿದ್ದಕ್ಕೆ ಎಷ್ಟಾಯಿತೆಂದು ಯಾರೂ ಕೇಳಲಿಲ್ಲ.

ನೀರಗಂಟಿ ದೊಡ್ಡಪಿಳ್ಳಪ್ಪ ಬಂದ.
ನೀರಗಂಟಿ ಅನ್ನೋದು ಈಗ ಬರೀ ಮನೆಹೆಸರು, ಅಂದ.
ಕೋಲಿನಿಂದ ನೆಲ ತಟ್ಟಿದ.
"ಮೇಲಿನ ಕೆರೆ ಕೋಡಿ ಬಿದ್ರೆ, ಮೇಡಂ,
ನೀರು ಇಲ್ಲಿಗೆ ಬಂದು ಬೀಗರ ಮನೇಲಿ ಕೂತಂಗೆ ಕೂತ್ಕೊಂತದೆ.
ಮೂರು ದಿನ.
ಕೆಸರೆಲ್ಲ ಇಲ್ಲೇ ಬಿಟ್ಟು, ತಿಳಿಯಾಗಿ ಎದ್ದು
ಕೆಳಗಿನ ಕೆರೆಗೆ ಹೊರಡ್ತದೆ.
ಚಾಪೆ ಹಾಸದಿದ್ರೆ ನೆಟ್ಟಗೆ ಸಂತೆಬೀದಿಗೆ ಹೋತದೆ.
ಹೋಗದೆ ಇನ್ನೆಲ್ಲಿಗೆ ಹೋತದೆ?"

ಸಕೀನಾಬಿ ಹೊಂಗೆಕಾಯಿ ಆಯುತ್ತಿದ್ದಳು.
ವರ್ಷಕ್ಕೆ ಎಷ್ಟು ಸಿಗುತ್ತದೆ ಅಂದೆ.
"ಮಗಳ ಪುಸ್ತಕಕ್ಕೆ ಆಗ್ತದೆ. ಬ್ಯಾಗಿಗೆ ಆಗಲ್ಲ."
ಬರೆದುಕೊಂಡೆ: ಮೂಟೆ ಆರು, ಕಿಲೋಗೆ ಇಷ್ಟು.
ಮರದ ಕೆಳಗೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡ ಹೊತ್ತಿಗೆ
ದರಪಟ್ಟಿಯಲ್ಲಿ ಸಾಲು ಇರಲಿಲ್ಲ.

ರಾತ್ರಿ ಲೆಕ್ಕಕ್ಕೆ ಕೂತೆ.
ಕೆಳಗಿನ ಊರಿನ ಹದಿನೆಂಟು ಕೊಳವೆಬಾವಿ,
ಮುಳುಗದೆ ಉಳಿದ ಸಂತೆಬೀದಿ, ಕಾಯಿ, ತುಡುವೆ ಜೇನು,
ಬೇಸಿಗೆಯಲ್ಲಿ ಕುರಿಗಳು ಮಲಗುವ ನೆರಳು.
ಕೂಡಿದರೆ ನಿಲ್ದಾಣಕ್ಕಿಂತ ಹೆಚ್ಚೇ ಬಂತು.
ಬಂದ ಮೇಲೆ ಭಯವೂ ಬಂತು.
ಬೆಲೆ ಕಟ್ಟಿದರೆ ಮಾರಾಟಕ್ಕಿದೆ ಅಂದುಕೊಂಡಾರು,
ಅಷ್ಟನ್ನೂ ಎಣಿಸಿ ಮೇಜಿನ ಮೇಲಿಟ್ಟು
ತಗೋ, ಈಗ ಕಡಿಯೋಣ, ಅಂದಾರು.
ಕಟ್ಟದಿದ್ದರೆ ಬಿಟ್ಟಿ ಬಿದ್ದಿದೆ ಅಂದುಕೊಂಡಾರು.
ಅಂದುಕೊಂಡೇ ಅಲ್ಲವೇ ಪೆನ್ಸಿಲು ಹಿಡಿದದ್ದು?
ಬೆಳೆ ಇಲ್ಲ ಅಂತಿದ್ದದ್ದನ್ನು
ಬೆಲೆ ಇಲ್ಲ ಅಂತ ಓದಿಕೊಂಡಿದ್ದಾರೆ.
ಒಂದಕ್ಷರ. ಅದರೊಳಗೆ ನಾಲ್ಕು ಎಕರೆ ಹನ್ನೊಂದು ಗುಂಟೆ.

ಷರಾ ಕಾಲಂ ತುಂಬಿ ಅಂಚು ದಾಟಿತು.
ಹಿಂಬದಿ ನೋಡುವುದು ಎಂದು ಬರೆದು, ಹಾಳೆ ಮಗುಚಿ,
ಪಿಳ್ಳಪ್ಪನ ಚಾಪೆಯನ್ನೂ ಹಾಸಿದೆ.
ಆಮೇಲೆ ನೆನಪಾಯಿತು:
ನಮ್ಮ ಕಚೇರಿಯ ಜೆರಾಕ್ಸಿಗೆ
ಒಂದೇ ಮಗ್ಗುಲು ಕಾಣುವುದು.

ಹಾಳೆ ಮತ್ತೆ ಮುಂದಕ್ಕೆ ತಿರುವಿದೆ.
ಬೆಳೆ ಎಂಬಲ್ಲಿ ಇದ್ದ ಇಲ್ಲವನ್ನು
ಒಂದು ಗೆರೆ ಎಳೆದು ಹೊಡೆದೆ.
ಮೇಲೆ, ದುಂಡಗೆ, ನೀಲಿ ಶಾಯಿಯಲ್ಲಿ, ನೀರು ಎಂದು ಬರೆದೆ.
ಪಕ್ಕದಲ್ಲಿ ಸಹಿ ಹಾಕಿದೆ.
ತಿದ್ದಿದವರು ಸಹಿ ಹಾಕಬೇಕು. ನಿಯಮ.