ಕ್ರಮಸಂಖ್ಯೆ ನಾನೂರ ಹದಿನೇಳು

ಬಂದದ್ದು ಸಾದಾ ಅಂಚೆಯಲ್ಲಿ.
ಅಂಚಿಗೆ ಅತಿಯಾಗಿ ಬಳಿದ ಗೋಂದು,
ಕಳಿಸಿದವರ ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು.
ಶಿಡ್ಲಘಟ್ಟ ತಾಲ್ಲೂಕು ಕಚೇರಿ, ಟಪಾಲು ಶಾಖೆ,
ಸೋಮವಾರ, ಹನ್ನೊಂದೂ ಕಾಲು.
ಸಂಖ್ಯೆ ಬರೆದೆ, ಮೊಹರು ಒತ್ತಿದೆ,
ಸ್ಕೇಲು ತೂರಿಸಿ ಸೀಳಿದೆ.

ಒಳಗೆ ಕಾಗದ ಇರಲಿಲ್ಲ.
ಬಿಳಿ ಪುಡಿ, ಒಂದು ಚಮಚದಷ್ಟು:
ಮೇಜಿನ ಮೇಲೆ, ನನ್ನ ಸೆರಗಿನ ಮೇಲೆ,
ಅರ್ಧ ತಿಂದಿಟ್ಟ ಚಕ್ಕುಲಿಯ ಮೇಲೆ.

‘ಫ್ಯಾನ್ ಆರ್ಸಿ!’
ಕೂಗಿದವನು ಜವಾನ ಚಾಂದ್ ಪಾಷ.
ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾನೆ.
ಸುಣ್ಣಕಟ್ಟು ಬಡಿದ ಹುಳು ಹೀಗೇ ಬೆಳ್ಳಗೆ ಪುಡಿಯಾಗುತ್ತದಂತೆ,
ಗಾಳಿ ಸಿಕ್ಕರೆ ತಟ್ಟೆಯಿಂದ ತಟ್ಟೆಗೆ,
ಆಮೇಲೆ ಪಕ್ಕದ ಮನೆಗೆ.
‘ಒದರಬೇಡಿ, ಮೂಸಬೇಡಿ, ಮುಖ ಮುಟ್ಕೋಬೇಡಿ.
ಮೇಲೆ ಏನಾದ್ರೂ ಮುಚ್ಚಿ. ಬಾಗಿಲು ಹಾಕಿ. ಸೋಪೆಲ್ಲಿ?’
ಇಪ್ಪತ್ತು ವರ್ಷದಿಂದ ಅವನಿಗೆ ನೀರು ತಾ ಎಂದವರೆಲ್ಲ
ಅವನ ಹಿಂದೆ ಸಾಲಾಗಿ ಕೊಳಾಯಿಗೆ ನಡೆದೆವು.
ಹುಳುಮನೆಗೆ ಹೊಕ್ಕುವವರಿಗೆ ಹೇಳುವಂತೆಯೇ ಹೇಳಿದ:
ಮೊಣಕೈವರೆಗೆ. ಉಗುರಿನ ಸಂದು. ಇನ್ನೊಂದು ಸಲ, ಉಗುರಿನ ಸಂದು.

ಮಧ್ಯಾಹ್ನ ಚಿಕ್ಕಬಳ್ಳಾಪುರದಿಂದ ಬಂದರು,
ಕಣ್ಣು ಮಾತ್ರ ಕಾಣುವ ನಾಲ್ವರು.
ಚೀಲದೊಳಗೆ ಚೀಲ, ಅದರೊಳಗೆ ನಾನೂರ ಹದಿನೇಳು.
ಕೋಣೆಯಲ್ಲಿ ಯಾರ್ಯಾರಿದ್ದಿರಿ, ನರ್ಸ್ ಕೇಳಿದರು.
ಶಿರಸ್ತೇದಾರರು ಹಾಜರಿ ಪುಸ್ತಕ ನೋಡಿ ಹೇಳಿದರು, ನಾನು ಬರೆದೆ.
ಹನ್ನೊಂದು ಜನ.
ದಿನಕ್ಕೆರಡು ಮಾತ್ರೆ, ಊಟವಾದ ಮೇಲೆ, ತಪ್ಪಿಸುವಂತಿಲ್ಲ.
ಜ್ವರ, ಕೆಮ್ಮು, ಚರ್ಮದ ಮೇಲೆ ಕಪ್ಪು ಹುಣ್ಣು,
ಏನೇ ಕಂಡರೂ ಈ ನಂಬರಿಗೆ.

ನಾರೆಮ್ಮ ಬಾಗಿಲ ಹೊರಗೆ ಪೊರಕೆ ಹಿಡಿದು ನಿಂತಿದ್ದಳು.
ಆ ಕೂಗಿಗೂ ಮೊದಲೇ
ನೆಲಕ್ಕುದುರಿದ್ದನ್ನು ಗುಡಿಸಿ ಹಿತ್ತಲಿಗೆ ಚೆಲ್ಲಿದವಳು.
ಏಜೆನ್ಸಿಯ ಲೆಕ್ಕದವಳು; ಅವಳ ಹಾಜರಿ ಇರುವುದು
ಯಾರದೋ ಬೈಕಿನ ಡಿಕ್ಕಿಯಲ್ಲಿ.
‘ನಂಗೇನಾಗಲ್ಲ ಬುಡಮ್ಮ, ಧೂಳು ನಂಗೆ ಹೊಸದಾ?’
ಹನ್ನೆರಡು, ಎಂದು ಬರೆದೆ.
ಶಿರಸ್ತೇದಾರರು ಕನ್ನಡಕ ಎತ್ತಿ ನೋಡಿದರು.
ಹನ್ನೆರಡು ಸಾರ್, ಅಂದೆ.
ಆಮೇಲೆ ಟೀ ಹುಡುಗ ನೆನಪಾದ, ನನ್ನ ಮೇಜಿನ ಲೋಟ ಒಯ್ದವನು.
ಆಮೇಲೆ ಅಂಚೆಯವನು, ಅದನ್ನು ಹೆಗಲಲ್ಲಿ ಹೊತ್ತು
ಪೇಟೆಯೆಲ್ಲ ಸುತ್ತಿ ಬಂದವನು.
ಬರೆಯುತ್ತಾ ಹೋದರೆ ಹಾಳೆ ಸಾಲದು.

ಸಂಜೆ ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಮನೆಗೆ ಬಂದೆ.
ಮಗಳು ನಗುತ್ತಾ ಓಡಿ ಬಂದಳು.
ಎರಡು ಸಲ ತೊಳೆದ ಕೈ,
ಆದರೂ ಬೆನ್ನ ಹಿಂದೆ ಕಟ್ಟಿಕೊಂಡೇ ಬಚ್ಚಲಿಗೆ ಹೋದೆ,
ಏನೋ ಕದ್ದು ತಂದವಳ ಹಾಗೆ.

ಒಬ್ಬರ ಕೆಮ್ಮು ಒಬ್ಬರು ಎಣಿಸುತ್ತಾ ದಿನ ಕಳೆದೆವು.
ಕೆಮ್ಮಿದವರು ‘ಒಗ್ಗರಣೆ ಘಾಟು’ ಅನ್ನುವರು.
ನಾಲ್ಕನೇ ದಿನ ನಾರೆಮ್ಮ ಮಾತ್ರೆ ಬಿಟ್ಟಳು.
ಹೊಟ್ಟೆ ತೊಳಸುತ್ತದೆ ಎಂದಳು;
ಹೊಟ್ಟೆಯಲ್ಲಿ ಏನಿರುತ್ತಿತ್ತೆಂದು ಕೇಳಿದರೆ, ಟೀ.
ಐದನೇ ದಿನದಿಂದ ನನ್ನ ಡಬ್ಬಿಯಲ್ಲಿ ಎರಡು ಮುದ್ದೆ.
ಕಣ್ಣೆದುರೇ ನುಂಗಬೇಕು, ಮುದ್ದೆಯನ್ನೂ ಮಾತ್ರೆಯನ್ನೂ.
ಬೈದುಕೊಂಡೇ ನುಂಗಿದಳು.

ಒಂಬತ್ತನೇ ದಿನ ಪ್ರಯೋಗಾಲಯದ ವರದಿ ಬಂತು.
ಬಂದದ್ದು ಅಂಚೆಯಲ್ಲೇ.
ದಪ್ಪ ಲಕೋಟೆ, ಅಂಚಿಗೆ ಅತಿಯಾಗಿ ಬಳಿದ ಗೋಂದು.
ಸಂಖ್ಯೆ ಬರೆದೆ, ಮೊಹರು ಒತ್ತಿದೆ,
ಸ್ಕೇಲು ಕೈಗೆತ್ತಿಕೊಂಡೆ.
ಯಾರೂ ಮಾತಾಡಲಿಲ್ಲ.
ಚಾಂದ್ ಪಾಷ ಎದ್ದು ಹೋಗಿ
ಫ್ಯಾನ್ ಆರಿಸಿದ.