ಸೋಮವಾರದ ಪೊಟ್ಟಣ

ಗುತ್ತಲು ರಸ್ತೆಯ ನೂರಾನಿ ಹೋಟೆಲಿನ ತಗಡಿನ ಬೋರ್ಡೇ
ನನ್ನ ಒಂದನೇ ಕ್ಲಾಸು.
ಹ, ಲಾ, ಅಂತ ಕೂಡಿಸಿ ಓದುತ್ತಿದ್ದೆ.
ಕೊನೆಯ ಅಕ್ಷರದ ಮೇಲೆ ಗುಬ್ಬಿ ಗೂಡು ಕಟ್ಟಿತ್ತು.

ಸಂಬಳದ ಸಂಜೆ ಹಸಿರು ಪರದೆಯ ಹಿಂದೆ
ಹೆಂಗಸರ ಬೆಂಚು ನಮ್ಮದು.
ಒಂದು ಪ್ಲೇಟ್ ಖುಷ್ಕಾ, ನಾಲ್ಕು ಕೈ.
ಖಲಂದರ್ ಮಾಮು ಕೇಳದೆಯೇ ಶೇರ್ವಾ ಸುರಿಯುತ್ತಿದ್ದ,
ಸೌಟಿನ ತಳದಿಂದ ಒಂದು ತುಂಡು
ತಪ್ಪಿ ಬಿದ್ದಂತೆ ಬೀಳುತ್ತಿತ್ತು,
ಪ್ರತಿ ಸಲವೂ ತಪ್ಪಿ.

ಮನೆಯಲ್ಲಿ ದಾದಿಯ ಕಾನೂನು.
ಬಿಸ್ಮಿಲ್ಲಾ ಮರೆತ ತುತ್ತಿಗೆ ಮೊಣಕೈಗೆ ಏಟು.
ಮೊಹರಮ್ಮಿನ ಖಿಚಡಾ ಬೀದಿಗೆಲ್ಲ ಹಂಚಿ
ಉಳಿದರೆ ನಮಗೆ.
ದಾಲ್ಚಾಕ್ಕೆ ರಾಗಿಮುದ್ದೆ ಅದ್ದಿ ನುಂಗುವ ಸುಖ
ಮೈಸೂರಿನ ನೆಂಟರಿಗೆ ಗೊತ್ತೇ ಇಲ್ಲ ಪಾಪ,
ಅಂತ ಆಕೆಗೆ ಜಂಬ.

ಅಬ್ಬಾ ಸಕ್ಕರೆ ಫ್ಯಾಕ್ಟರಿಯ ಗೇಟಿನಲ್ಲಿ
ಚೀಟಿ ಬರೆಯುವವನು.
ಕಬ್ಬಿನ ಗಾಡಿಗಳ ಸಾಲು ಎರಡು ರಾತ್ರಿ ಉದ್ದ.

ಒಂದು ಸೋಮವಾರ, ಸಂಬಳವಲ್ಲದ ಸಂಜೆ,
ಬಾಳೆಲೆ, ಅದರ ಮೇಲೆ ಪೇಪರು, ಅದರ ಮೇಲೆ ದಾರ:
ಮಟನ್ ಬಿರಿಯಾನಿ, ಫುಲ್ಲು.
ಇಡೀ ಮನೆ ಪೊಟ್ಟಣದ ಸುತ್ತ ಸೇರಿತು,
ಅಕ್ಕಪಕ್ಕದ ಬೆಕ್ಕುಗಳೂ.
ದಾದಿ ದಾರಕ್ಕೆ ಕೈ ಹಾಕಿದವಳು ನಿಂತಳು.
‘ಕಾಂ ಕೆ ಪೈಸೆ?’

ಎಲ್ಲಿಯ ದುಡ್ಡು ಅಂದರೆ ಏನು ಹೇಳಿಯಾನು.
ಲಾರಿಯವನೊಬ್ಬ ಐವತ್ತು ಕೊಟ್ಟಿದ್ದ,
ಸಾಲು ದಾಟಿಸಿದ್ದಕ್ಕೆ.
‘ಕುರಿ ಹಲಾಲು, ಮುನವ್ವರ್.
ಖಲಂದರನ ಚೂರಿಯೂ ಹಲಾಲು.
ನಿನ್ನ ಐವತ್ತು?’
ಅಮ್ಮಿ ಒಲೆಯ ಕಡೆ ತಿರುಗಿದಳು, ಒಲೆ ಆರಿತ್ತು.
ತಮ್ಮ ಅಫ್ರೋಜ್ ಅತ್ತ.
ನಾನು ಅಳಲಿಲ್ಲ, ನನಗೆ ಬೇರೆ ಕೆಲಸವಿತ್ತು.
ದೊಡ್ಡವರ ಮಾತಿನ ಮರೆಯಲ್ಲಿ
ಎಣ್ಣೆ ಒಸರಿದ ಪೇಪರಿನ ಮೂಲೆಗೆ ಬೆರಳೊತ್ತಿ
ಬಾಯಿಗಿಟ್ಟುಕೊಂಡೆ.
ಬಿಸ್ಮಿಲ್ಲಾ ಅನ್ನಲಿಲ್ಲ.
ಅನ್ನಬಾರದೇನೋ ಅನ್ನಿಸಿತು.

‘ಎಸೆಯಬೇಡ. ಯಾರ ಪಾಳಿ ತಿಂದೆಯೋ ಅವರಿಗೇ ತಿನ್ನಿಸು.’
ಅಬ್ಬಾನ ಸೈಕಲ್ಲು, ಕ್ಯಾರಿಯರಿನ ಮೇಲೆ ನಾನು,
ನನ್ನ ಮಡಿಲಲ್ಲಿ ಬಿಸಿ ಬಿಸಿ ತಪ್ಪು.

ಸಾಲಿನ ಮೊದಲ ಗಾಡಿ ಬಸರಾಳು ಕಡೆಯ ಚಿಕ್ಕಬೋರಯ್ಯನದು.
ಅಬ್ಬಾ ನೆಲ ನೋಡುತ್ತ ಎಲ್ಲ ಹೇಳಿದ.
ಆತ ಬೀಡಿ ಮುಗಿಯುವ ತನಕ ಕೇಳಿ,
‘ನನ್ನ ಯಾಕ್ ಕೇಳೀರಿ ಸಾಬ್ರೇ,
ನಿಂತಿದ್ದು ಎತ್ತು. ಅವನ್ನ ಕೇಳಿ.’
ಅಬ್ಬಾ ನಿಜವಾಗಿ ಎತ್ತಿನ ಹತ್ತಿರ ಹೋದ.
ಹಣೆ ಮುಟ್ಟಿದ.
ಕತ್ತಲಲ್ಲಿ ಕೊರಳಗಂಟೆ ಒಮ್ಮೆ ಅಂದಿತು,
ಹೂಂ ಅಂತಲೋ ಊಹೂಂ ಅಂತಲೋ.

ಪೊಟ್ಟಣ ಚಾಚಿದರೆ ಬೋರಯ್ಯ ಕೈ ಹಿಂದಕ್ಕೆಳೆದ.
‘ಅಯ್ಯೋ, ಸೋಮವಾರ! ಮುಟ್ಟಕಿಲ್ಲ.’
ಅಬ್ಬಾನ ಮುಖ ನೋಡಬೇಕಿತ್ತು,
ಜಗತ್ತಿನಲ್ಲಿ ಯಾರೂ ತಿನ್ನಲಾಗದ ಬಿರಿಯಾನಿ ಹಿಡಿದು
ನಿಂತವನ ಮುಖ.
ಆಮೇಲೆ ಬೋರಯ್ಯನೇ ಇಸಕೊಂಡು
ನೊಗಕ್ಕೆ ಕಟ್ಟಿದ.
‘ಹನ್ನೆರಡು ಹೊಡೆದ್ರೆ ಮಂಗಳವಾರ ತಾನೇ.’
ಗಾಡಿಯಿಂದ ಎರಡು ಜಲ್ಲೆ ಎಳೆದು ನನ್ನ ಕೈಗಿಟ್ಟ.

ಆ ಜಲ್ಲೆಗೂ ದಾದಿ ಕೇಳಿದಳು, ಎಲ್ಲಿಯದು?
ಕೇಳಿ, ತಲೆಯಾಡಿಸಿ, ಕುಡುಗೋಲು ತಂದಳು.
ಅಂದು ರಾತ್ರಿ ಐದು ಜನ ಕಬ್ಬು ಜಗಿದು ಮಲಗಿದೆವು.
ಸಿಪ್ಪೆ ಬೆಳಿಗ್ಗೆ ಇರುವೆಗಳಿಗೆ.

ಈಗ ನೂರಾನಿಯಲ್ಲಿ ಪರದೆ ಇಲ್ಲ, ಏಸಿ ಇದೆ.
ಬೋರ್ಡು ಫ್ಲೆಕ್ಸಿನದು, ಅಕ್ಷರ ಪೂರ್ತಿ,
ಗುಬ್ಬಿಗೆ ಜಾಗವಿಲ್ಲ.
ನನ್ನ ಮಕ್ಕಳು ಲೆಗ್‌ಪೀಸಿಗೆ ಜಗಳಾಡುತ್ತಾರೆ,
ಬಿಲ್ಲು ಕೊಡುವಾಗ ಸುಮ್ಮನೆ ಒಮ್ಮೆ
ನೋಟು ತಿರುಗಿಸಿ ನೋಡುತ್ತೇನೆ.

ಎಷ್ಟು ಈದು, ಎಷ್ಟು ದೇಗು, ಎಷ್ಟು ಮದುವೆಯ ದಸ್ತರ್‌ಖಾನು.
ಪೇಪರಿನ ಮೂಲೆಯ ಆ ಎಣ್ಣೆಯ ರುಚಿ
ಮತ್ತೆ ಸಿಕ್ಕಿಲ್ಲ.
ದಾದಿ ಹೋಗುವ ಮುಂಚೆ ಹೇಳಿಬಿಡೋಣ ಅಂತ
ಕೈ ಹಿಡಿದು ಕೂತಿದ್ದೆ ಒಂದು ಮಧ್ಯಾಹ್ನ.
ಆಕೆ ನನ್ನ ಬೆರಳನ್ನು ಮೂಗಿಗೆ ಹಿಡಿದು
ಏನು ಸಾರು ಮಾಡಿದ್ದೀ ಅಂದಳು.